ದೀಪದ ಆಟದ ಡಬ್ಬಿ

ಶಹಾಪುರ
19 ಜೂನ್ 2025

ಫರ್ಹತ,

ಇವತ್ತು ಬೆಳಿಗ್ಗೆ ನಾನು ಅಂಗಡಿಗೆ ಬಂದಾಗ ನಿನ್ನ ಅಬ್ಬಾ, ನನ್ನ ಚಾಚಾ, ಬಾಗಿಲ ಬೆಳಕಿಗೆ ಒಂದು ವಿಡಿಯೋ ಗೇಮಿನ ಡಿಸ್ಕ್ ಹಿಡಿದು, ಅದರಲ್ಲಿ ಮುಖ ನೋಡುತ್ತ ಗಡ್ಡ ಬಾಚುತ್ತಿದ್ದರು. ಡಿಸ್ಕಿನ ಹೊಳೆಯುವ ಮೈಗೆ ಯಾರದಾದರೂ ಬೆರಳು ತಾಕಿದರೆ ಅಂಗಡಿಯೇ ಹಾರಿಹೋಗುವಂತೆ ಬೈಯುತ್ತಿದ್ದವರು. ನನ್ನನ್ನು ಕಂಡು, "ಕನ್ನಡಿ ಒಡದದ ಬೇಟಿ" ಅಂದರು. ಕನ್ನಡಿ ಗೋಡೆಯ ಮೇಲೇ ಇತ್ತು. ಒಡೆದಿರಲಿಲ್ಲ.

ನಾನು ಈಗ ಇಲ್ಲೇ ಕೂರುತ್ತೇನೆ, ನಿನಗೆ ಗೊತ್ತಿರಬಹುದು. ಎಂ.ಎ. ಮುಗಿದು ಎರಡು ವರ್ಷವಾಯಿತು. ಉಪನ್ಯಾಸಕರ ಪರೀಕ್ಷೆ ಮುಂದೆ ಹೋಗುತ್ತಲೇ ಇದೆ. ಚಾಚಾನ ಕಣ್ಣಿಗೆ ಪೊರೆ ಬಂದಿದೆ, ಡಬ್ಬಿಯ ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲ. "ಸುಮ್ನ ಮನ್ಯಾಗ ಕುಂತು ಓದೂದು ಇಲ್ಲೇ ಕುಂತು ಓದು" ಅಂದರು. ಓದುತ್ತೇನೆ. ಗಿರಾಕಿ ಬಂದು ಅಡ್ಡಿ ಮಾಡುವುದು ಕಡಿಮೆ.

ದೋರನಹಳ್ಳಿಯ ಬಸವಂತ್ರಾಯ ನೆನಪಿದ್ದಾನಾ? ಹತ್ತಿ ಮಿಲ್ಲಿನಲ್ಲಿ ತೂಕ ಬರೆಯುವವನು. ಪ್ರತಿ ತಿಂಗಳು ಒಂದು ಆಟ ಮುಗಿಸಿ ಇನ್ನೊಂದಕ್ಕೆ ಬದಲಿ ಮಾಡಿಕೊಂಡು ಹೋಗುತ್ತಿದ್ದನಲ್ಲ, ಅವನು. ಹೋದ ವಾರ ಆಟದ ಹೊಸ ಮಷೀನು ಎದೆಗವಚಿಕೊಂಡು ಆಟೋದಲ್ಲಿ ಬಂದ.

"ಚಾಚಾ, ಡಿಸ್ಕ್ ಹಾಕೂ ಬಾಯಿ ಎಲ್ಲದ ನೋಡ್ರಿ ಒಂದೀಟು. ಮುಂಜಾನಿಂದ ಹುಡಕಾಕತ್ತೇನಿ."

ಚಾಚಾ ಅದನ್ನು ತಿರುಗಿಸಿದರು, ಮಗುಚಿದರು, ಕೊನೆಗೆ ಬೆರಳಿನಿಂದ ಸವರಿದರು. "ಇದಕ್ಕ ಬಾಯಿನ ಇಲ್ಲೋ ಮಾರಾಯಾ."

"ಬಾಯಿ ಇಲ್ಲಂದ್ರ ಉಣ್ಣೂದು ಹ್ಯಾಂಗ್ರಿ?"

"ನೆಟ್ಟಿನ ಗಾಳಿ ಕುಡೀತದ."

"ಮನ್ಯಾಗ ಹದಿನಾಕ ಡಿಸ್ಕ್ ಅವಲ್ರಿ ನನ್ವು! ಸಸ್ತಾ ಸಿಕ್ತಂತ ತಗೊಂಡೀನಿ, ಅಂಗಡ್ಯಾಂವ ಒಂದ ಮಾತ ಹೇಳ್ಲಿಲ್ಲ."

"ನೀ ಒಂದ ಮಾತ ಕೇಳಿದ್ದೇನು?"

ಮೂವರೂ ನಕ್ಕೆವು. ಮರುದಿನ ಬಸವಂತ್ರಾಯ ಹದಿನಾಲ್ಕೂ ಡಿಸ್ಕನ್ನು ಒಂದು ಚೀಲದಲ್ಲಿ ತಂದು ಮೇಜಿನ ಮೇಲಿಟ್ಟ. ಬದಲಿಗೆ ಏನೂ ಒಯ್ಯಲಿಲ್ಲ. ಆಗ ಯಾರೂ ನಗಲಿಲ್ಲ.

ಮೂರು ವರ್ಷದಿಂದ ನನ್ನ ನಂಬರಿನಿಂದ ಮಾಡಿದ ಕರೆ ನಿನಗೆ ಮುಟ್ಟುವುದಿಲ್ಲ. ಹಾಗಾಗಿ ಈ ಡಬ್ಬಿ. ಶುಕ್ರವಾರ ನಮಾಜು ಮುಗಿಸಿ ಚಾಚಾ ನಿನ್ನನ್ನು ನೋಡಲು ಸುರಪುರದ ಬಸ್ಸು ಹತ್ತುತ್ತಾರಲ್ಲ, ಅವರ ಕೈಗೆ ಕೊಡುತ್ತಿದ್ದೇನೆ. ಒಳಗೆ ಕಾಗದವಿದೆ ಎಂದಿದ್ದೇನೆ. ಅವರಿಗೆ ಕನ್ನಡ ಓದಲು ಬಾರದು. ಬಂದರೂ ಓದುವವರಲ್ಲ.

ಯಾವ ಡಬ್ಬಿ ಎಂದು ನೋಡಿದ ಕೂಡಲೇ ಗುರುತು ಹಿಡಿಯುತ್ತೀ. ದೀಪದ ಆಟದ್ದು.

ಪರಿಮಳಾ


ಶಹಾಪುರ
17 ಜುಲೈ 2025

ಫರ್ಹತ,

ಡಬ್ಬಿ ಖಾಲಿ ಬಂತು. ಏನಾದರೂ ಅಂದಳೇ ಎಂದು ಕೇಳಿದೆ. "ತಗೊಂಡ್ಳು, ಒಳಗ ಹೋದ್ಳು, ಚಾ ತಂದ್ಳು, ಡಬ್ಬಿ ಕೊಟ್ಳು" ಅಂದರು ಚಾಚಾ. ಕಾಗದ ನಿನ್ನ ಹತ್ತಿರವೇ ಉಳಿದಿದೆ ಎಂದಾಯಿತು. ಅಷ್ಟಕ್ಕೆ ಇನ್ನೊಂದು ಬರೆಯುತ್ತಿದ್ದೇನೆ.

ಚಾಚಾ ನಿನಗೆ ಹೇಳಿರಲಿಕ್ಕಿಲ್ಲ. ದೀಪಾವಳಿ ಆದಮೇಲೆ ಅಂಗಡಿ ಮುಚ್ಚುತ್ತಾರೆ. ಯಾದಗಿರಿಯ ಸ್ಟೇಷನ್ ಹತ್ತಿರ ಸಿಕಂದರ ಎನ್ನುವವರು ಹಳೇ ಮಷೀನುಗಳನ್ನಿಟ್ಟುಕೊಂಡು ತಾಸಿಗಿಷ್ಟು ಎಂದು ಆಡಿಸುತ್ತಾರೆ. ಇಲ್ಲಿರುವ ಇನ್ನೂರ ಹನ್ನೆರಡು ಡಿಸ್ಕೂ ಅವರಿಗೆ. ಬಂದು ನೋಡಿದರು, ನಾಲ್ಕು ಡಬ್ಬಿ ತೆರೆದರು. "ಒಳಗಿನ ಚೀಟಿ ಗೀಟಿ ತಗದ ಇಡ್ರಿ. ಡಿಸ್ಕ್ ಸಾಕು, ಕಸಾ ಬ್ಯಾಡ" ಅಂದು ಹೋದರು.

ಆ ಚೀಟಿಗಳನ್ನು ತೆಗೆಯಲು ಕೂತಿದ್ದೇನೆ. ಒಂದು ದಿನಕ್ಕೆ ಐದಾರು ಆಗುತ್ತವೆ, ಅಷ್ಟೇ. ಓದದೆ ತೆಗೆಯಲು ಬರುವುದಿಲ್ಲ.

ಚಾಚಾನ ಆ ನೇಮ ಬೇರೆ ಯಾವ ಊರಿನ ಅಂಗಡಿಯಲ್ಲೂ ಇರಲಿಲ್ಲ ಅಂತ ಈಗ ಅನಿಸುತ್ತದೆ. ಆಟ ಪೂರ್ತಿ ಮುಗಿಸಿದವರು ಮುಂದಿನವರಿಗಾಗಿ ಒಂದು ಚೀಟಿ ಬರೆದು ಡಬ್ಬಿಯಲ್ಲಿಡಬೇಕು. ಮುಗಿಸದವರು ಬರೆಯುವಂತಿಲ್ಲ. ಹೆಚ್ಚಿನವರು "ಮಸ್ತ್ ಅದ" ಎಂದೋ "ಕಡೀಕ ಭಾಳ ಕಾಡ್ತದ" ಎಂದೋ ಬರೆದು ಕೈ ತೊಳೆದುಕೊಂಡಿದ್ದಾರೆ. ನಡುವೆ ನಮ್ಮವು. ಒಂದು ಇಲ್ಲಿದೆ: "ಮೂರನೇ ಸೇತುವೆ ಹತ್ರ ಓಡಬ್ಯಾಡ. ನಿಲ್ಲು. ಕಾವಲಿನಾಂವ ಎರಡು ಸಲ ಕೆಮ್ಮತಾನ. ಎರಡನೇ ಕೆಮ್ಮಿಗಿ ಅಂವ ಕಣ್ಣು ಮುಚ್ಚಿರ್ತಾನ. ಆವಾಗ ದಾಟು. ಎಫ್.ಕೆ."

ಅಂಗಡಿಯ ಬಟ್ಟೆಯ ಪರದೆಯ ಹಿಂದೆ ಕೂತು ನೀನು ಆಡುತ್ತಾ ಹೇಳುತ್ತಿದ್ದೆ, ನಾನು ಬರೆದು ಕೆಳಗೆ ನಿನ್ನ ಹೆಸರಿನ ಎರಡು ಅಕ್ಷರ ಹಾಕುತ್ತಿದ್ದೆ. ನೀನು ಉರ್ದು ಶಾಲೆಯಿಂದ ಬಂದವಳು, ನಿನ್ನ ಕನ್ನಡ ಅಕ್ಷರ ಕಾಗೆ ಕಾಲಿನಂತಿವೆ ಎಂದು ನಾಚಿಕೆ ನಿನಗೆ. ನನಗೆ ಆಟ ಬಾರದು, ಅಕ್ಷರ ದುಂಡಗಿದ್ದವು. ಆಚೆ ಗಿರಾಕಿಗಳು "ಈ ಎಫ್.ಕೆ. ಅಂದ್ರ ಯಾರ್ಲೇ? ಕಲಬುರಗಿ ಕಡಿಯಾಂವ ಇರಬೇಕು" ಎಂದು ಪಂದ್ಯ ಕಟ್ಟುತ್ತಿದ್ದರು. ನಾವು ಓಢಣಿ ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು.

ಚೀಟಿ ಏನು ಮಾಡಲಿ?

ಪರಿಮಳಾ


ಸುರಪುರ
25 ಜುಲೈ 2025

ಪರಿ,

ಅಕ್ಷರ ನೋಡಿ ನಗಬ್ಯಾಡ. ಈಗ ಬರ್ಯಾಕ ಯಾರೂ ಇಲ್ಲ, ನಾನ ಬರೀತೀನಿ. ಅಬ್ಬಾ ಹೊರಗ ಕುಂತಾನ, ಬಸ್ಸಿಗಿ ಇನ್ನ ಅರ್ಧಾ ತಾಸ ಅದ.

ಚೀಟಿ ಏನ್ ಮಾಡ್ಲಿ ಅಂತ ನನಗ ಕೇಳ್ತಿ. ಅವತ್ತ ಯಾಕ ಕೇಳ್ಲಿಲ್ಲ? ಸಗರದ ಆ ಅಬ್ರಾರ ಫೋನ್ ಹಿಡಕೊಂಡ ಬಂದು ಈ ಚೀಟಿ ನನ್ನ ವಿಡಿಯೋದಾಗ ಓದ್ಲಾ ಅಂದಾಗ ಹೂಂ ಅಂತ ತಲಿ ಅಲ್ಲಾಡಿಸ್ದಿ. ಆ ಹಕ್ಕ ನಿನಗ ಯಾರ್ ಕೊಟ್ಟಿದ್ರು? ಎಷ್ಟ ಸಾವಿರ ಮಂದಿ ನೋಡಿದ್ರು. "ನಮ್ಮ ಶಹಾಪುರದ ಎಫ್.ಕೆ. ಭಾಯ್" ಅಂದ. ಭಾಯ್!

ಅದನ್ನ ಬಿಡು. ನಾ ಅದಕ್ಕ ಸಿಟ್ಟಾಗಿಲ್ಲ. ಮದುವಿ ಆಗಿ ಎಂಟನೇ ದಿನ ಈ ಮನ್ಯಾಗ ಎಲ್ಲಾರೂ ಕುಂತು ಅದ ವಿಡಿಯೋ ನೋಡಾಕತ್ತಿದ್ರು. ನನ್ನ ಗಂಡ ಜಾಹೀದ, ಅವನ ಅಣ್ಣದೇರು, ನಮ್ಮ ಅತ್ತಿ ಹಜರಾಬೀ. ಎಂಥಾ ಪಂಟರ್ ಇದ್ದಾನಲೇ ಅಂದ್ರು. ಅದು ನಾನ ಅಂದೆ. ಮನಿ ತುಂಬ ನಕ್ಕರು. ನೋಡ್ರಿ ಬೇಕಾದ್ರ, ಬರದಾಕಿಗೇ ಫೋನ್ ಹಚ್ತೀನಿ ಅಂತ ನಿನಗ ಹಚ್ಚಿದೆ. ಸ್ಪೀಕರ್ ಹಾಕಿದ್ದೆ. "ಪರಿ, ಎಫ್.ಕೆ. ಯಾರು ಹೇಳು" ಅಂದೆ. ನೀ ಸುಮ್ನ ಇದ್ದಿ. ಉಸರಾಡೂದು ಕೇಳ್ತಿತ್ತು. ಆಮ್ಯಾಲೆ ಕಟ್ ಆತು.

ಒಂದ ಹೆಸರು ಹೇಳಿದ್ರ ಸಾಕಿತ್ತು ಪರಿ.

ಇವತ್ತಿಗೂ ನಾ ಏನರ ಹೇಳಿದ್ರ ನಮ್ಮ ಅತ್ತಿ ಅಂತಾಳ: "ಫೋನ್ ಹಚ್ಚವಾ, ಕೇಳೋಣು." ಮಶ್ಕಿರಿ ಮಾಡ್ತಾಳ, ಕೆಟ್ಟಾಕಿ ಅಲ್ಲ. ಖರೆ ಮೂರು ವರ್ಷ ಅದ ಮಶ್ಕಿರಿ ಕೇಳಿ ಕೇಳಿ ಸಾಕಾಗ್ಯದ.

ಅಂಗಡಿ ಮುಚ್ಚೂದು ಅಬ್ಬಾ ಹೇಳಿರ್ಲಿಲ್ಲ.

ಫರ್ಹತ


ಶಹಾಪುರ
21 ಆಗಸ್ಟ್ 2025

ಫರ್ಹತ,

ನಾಲ್ಕು ವಾರ ತೆಗೆದುಕೊಂಡೆ. ಎರಡು ಕಾಗದ ಬರೆದು ಹರಿದೆ. ಅವುಗಳಲ್ಲಿ ಕಾರಣಗಳಿದ್ದವು.

ಅವತ್ತು ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿದ್ದೆ. ನಿನ್ನ ಹೆಸರು ಕಂಡು ಖುಷಿಯಿಂದ ಎತ್ತಿದೆ. ಮೊದಲು ಕೇಳಿದ್ದು ನಿನ್ನ ದನಿಯಲ್ಲ, ನಗು. ಎಂಟೋ ಹತ್ತೋ ಮಂದಿಯ ನಗು. ಆಮೇಲೆ ಯಾರೋ "ಶ್, ಎತ್ಯಾಳ, ಎತ್ಯಾಳ" ಅಂದರು. ಅಷ್ಟು ಕಿವಿಗಳು ನನ್ನ ಬಾಯಿಗೆ ಕಾದಿವೆ ಎಂದು ಗೊತ್ತಾದ ಕೂಡಲೇ ನಾಲಿಗೆ ಒಣಗಿತು. ಉತ್ತರ ಗೊತ್ತಿತ್ತು. ನಿನ್ನದೇ ಹೆಸರು. ಎರಡು ಸಲ ಬಾಯಿ ತೆರೆದೆ. ಬೆರಳು ತಾನಾಗಿ ಕೆಂಪು ಗುಂಡಿ ಒತ್ತಿತು. ಅರ್ಧ ತಾಸಿನ ನಂತರ ಮತ್ತೆ ಹಚ್ಚಿದೆ. ಅಷ್ಟರಲ್ಲಿ ನನ್ನ ನಂಬರು ನಿನ್ನ ಫೋನಿನಲ್ಲಿ ಬ್ಲಾಕ್ ಆಗಿತ್ತು.

ಕಾಲೇಜಿನ ತರಗತಿಯಲ್ಲಿ ಹಾಜರಿ ಕೂಗಿದಾಗ ನನ್ನ ಬದಲು ನೀನು "ಯೆಸ್ ಮೇಡಂ" ಅನ್ನುತ್ತಿದ್ದೆ, ನೆನಪಿದೆಯಾ? ನನ್ನ ಬಾಯಿಯ ಕೆಲಸ ನೀನು ಮಾಡುತ್ತಿದ್ದೆ, ನಿನ್ನ ಕೈಯ ಕೆಲಸ ನಾನು. ನನ್ನ ಬಾಯಿ ನಿನಗೆ ಬೇಕಾಗಿದ್ದು ಅದೊಂದೇ ಸಲ.

ತಪ್ಪು ನನ್ನದು. ಇದನ್ನು ಬರೆಯುವುದು ಸುಲಭ, ಅದೇ ನನ್ನ ತೊಂದರೆ.

ಅಂಗಡಿಯಲ್ಲಿ ಈ ತಿಂಗಳು ಒಬ್ಬರೂ ಡಿಸ್ಕ್ ಕೇಳಿ ಬರಲಿಲ್ಲ. ಚಾರ್ಜರಿನ ವೈರು ಕೇಳಿ ಇಬ್ಬರು ಬಂದರು. ಚಾಚಾ ಆದರೂ ದಿನಾ ಒಂದು ಸಾಲು ಒರೆಸುತ್ತಾರೆ. ಹಳೇ ಲುಂಗಿಯ ಮೆತ್ತನೆ ತುಂಡು, ನಡುವಿನಿಂದ ಅಂಚಿಗೆ, ಗುಂಡಗೆ ಅಲ್ಲ. ಯಾಕೆ ಚಾಚಾ ಇನ್ನೂ ಎಂದರೆ, "ಹೆಣ್ಣು ಕೊಡೂ ಮುಂದ ಮುಖ ತೊಳಸ್ತಾರಿಲ್ಲ?" ಅನ್ನುತ್ತಾರೆ.

ಪರಿಮಳಾ


ಸುರಪುರ
12 ಸೆಪ್ಟೆಂಬರ್ 2025

ಪರಿ,

ಓದಿದೆ. ಅದರ ಬಗ್ಗಿ ಈಗ ಏನೂ ಬರ್ಯಂಗಿಲ್ಲ.

ಇಲ್ಲಿ ಸುದ್ದಿ ಹೇಳ್ತೀನಿ. ಜಾಹೀದನ ಝರಾಕ್ಸ್ ಅಂಗಡ್ಯಾಗ ನಾ ಮಧ್ಯಾಹ್ನ ಕುಂಡ್ರತೀನಿ. ಆಧಾರ ಪ್ರಿಂಟು, ರಿಚಾರ್ಜು, ಈಗ ಆಟದ ಕೋಡು. ಹೌದು, ನಾನ ಮಾರ್ತೀನಿ. ಡಬ್ಬಿ ಇಲ್ಲ, ಡಿಸ್ಕ್ ಇಲ್ಲ. ಒಂದ ಚೀಟ್ಯಾಗ ಹನ್ನೆರಡ ಅಕ್ಷರ ಪ್ರಿಂಟ್ ಹೊಡದ ಕೊಡೂದು, ಅದನ್ನ ಮಷೀನ್ಯಾಗ ಹಾಕಿದ್ರ ಆಟ ನೆಟ್ಟಿನಿಂದ ಇಳೀತದ. ಅಬ್ಬಾನ ಅಂಗಡಿಗಿ ಬೀಗಾ ನಾನ ತಯಾರ ಮಾಡಾಕತ್ತೇನಿ ಅನಸ್ತದ.

ಮೊನ್ನಿ ಕಕ್ಕೇರಾದ ಮೌನಮ್ಮ ಬಂದಿದ್ಳು. ಅವಳ ಮಗ ಐ.ಟಿ.ಐ. ಹಾಸ್ಟೆಲಿಗಿ ಹೋಗ್ಯಾನ. ಅಂವ ಆಡಿದ ಆಟ ತಂಗಿ ಮಗಗ ಕೊಡಬೇಕಂತ.

"ಆ ಫುಟ್ಬಾಲಿಂದು ಕೊಡವಾ, ನನ್ನ ತಂಗಿ ಮಗ ಆಡ್ತಾನ."

"ಯಮ್ಮಾ, ಅದು ನಿನ್ನ ಮಗನ ಹೆಸರಿನ ಖಾತ್ಯಾಗ ಅದ. ತಗದ ಕೊಡಾಕ ಬರಂಗಿಲ್ಲ."

"ರೊಕ್ಕಾ ನಾನ ಕೊಟ್ಟೀನಲ್ಲ?"

"ಕೊಟ್ಟೀದಿ."

"ಮತ್ತ ಅದು ನಂದಲ್ಲ?"

"ಆಡಾಕ ನಿಂದು. ಕೊಡಾಕ ನಿಂದಲ್ಲ."

"ಇದೇನ ಸಂತ್ಯಾಗಿನ ಸೌದಾನೋ, ಬಾಡಿಗಿ ಮನೀನೋ" ಅಂತ ನನಗ ಬೈದ ಹೋದ್ಳು. ಅವಳಂದಿದ್ದು ಖರೆ ಅನಿಸ್ತು. ಮುಗಿದ ಆಟ ಯಾರ ಕೈಗೂ ಹೋಗಂಗಿಲ್ಲ. ಮುಗಿಸಿದಾಂವ ಯಾರಿಗೂ ಏನೂ ಹೇಳಂಗಿಲ್ಲ. ಸುಮ್ನ ಮಷೀನ್ಯಾಗ ಕುಂತಿರ್ತದ.

ಒಂದ ಮಾತು. ಮುಂದಿನ ವಾರ ಡಬ್ಬ್ಯಾಗ ಡಿಸ್ಕನೂ ಹಾಕಿ ಕಳಸು. ದೀಪದ ಆಟದ್ದು. ಅಬ್ಬಾ ಮದುವಿಗಿ ಕೊಟ್ಟ ಹಳೇ ಮಷೀನು ಅಲಮಾರಿ ಮ್ಯಾಲ ಧೂಳ ತಿನ್ನಾಕತ್ತದ. ನಾವು ಮುಗಿಸದ ಆಟ ಅದೊಂದ ಅಲ್ಲ?

ಫರ್ಹತ


ಶಹಾಪುರ
9 ಅಕ್ಟೋಬರ್ 2025

ಫರ್ಹತ,

ಡಿಸ್ಕ್ ಮುಟ್ಟಿತು ಎಂದು ಚಾಚಾ ಹೇಳಿದರು. ನೀನು ಹೇಳಿದ್ದು ಸರಿ. ಇನ್ನೂರ ಹನ್ನೆರಡರಲ್ಲಿ ಚೀಟಿಯಿಲ್ಲದ ಡಬ್ಬಿ ಅದೊಂದೇ. ದೀಪ ಹಿಡಿದ ಹುಡುಗಿ ಕೊನೆಯ ಬಾವಿಗೆ ಇಳಿಯುವುದು, ನೀರು ಮುಟ್ಟಿ ದೀಪ ಆರುವುದು, ಅವಳು ಮೊದಲಿನ ಮೆಟ್ಟಿಲಿಗೆ ವಾಪಸು ಬರುವುದು. ಒಂದು ಇಡೀ ಬೇಸಿಗೆ ನೀನು ಅದೇ ಬಾವಿಗೆ ಇಳಿದೆ. ಯಾರಿಗೂ ದಾಟಲಾಗಲಿಲ್ಲ.

ನಿನ್ನೆ ಅಬ್ರಾರ ಬಂದಿದ್ದ. ಈಗ ಗಡ್ಡ ಬಿಟ್ಟಿದ್ದಾನೆ, ಮಾತು ಅದೇ.

"ಅಕ್ಕಾ, ಅಂಗಡಿ ಮುಚ್ತೀರಂತ? ಇಪ್ಪತ್ನಾಕನೇ ತಾರೀಖಿಗಿ ಇಲ್ಲಿಂದನ ಲೈವ್ ಮಾಡ್ತೀನ್ರಿ. ಎಫ್.ಕೆ. ಭಾಯ್‌ನ ಚೀಟಿ ಒಂದೊಂದ ತೋರಸ್ತಾ ಓದ್ತೀನಿ. ಮಂದಿ ಅಳಬೇಕು, ಹಂಗ್ ಮಾಡ್ತೀನಿ."

ನಾನು ಚೀಟಿಗಳ ಕಟ್ಟನ್ನು ನನ್ನ ಕಡೆಗೆ ಎಳೆದುಕೊಂಡೆ.

"ಚೀಟಿ ಎಲ್ಲಾ ನನಗ ಕೊಡ್ರಿ. ಹೆಂಗಿದ್ರೂ ಕಸಕ್ಕ ಹಾಕ್ತೀರಿ. ಅಂದಂಗ ಭಾಯ್ ಈಗ ಎಲ್ಲಿದ್ದಾನ್ರಿ? ದುಬೈ ಹೋಗ್ಯಾನೇನು?"

ಮತ್ತೆ ಅದೇ ಬಾಯಿ ಒಣಗುವುದು. ಅಷ್ಟರಲ್ಲಿ ಚಾಚಾ ಡಿಸ್ಕ್ ಒರೆಸುತ್ತಲೇ, ತಲೆ ಎತ್ತದೆ ಹೇಳಿದರು: "ನಮ್ಮ ಭಾಯ್ ಸುರಪುರದಾಗ ಇದ್ದಾನ. ಪ್ರತಿ ಶುಕ್ರವಾರ ನಾ ಹೋಗಿ ನೋಡಿ ಬರ್ತೀನಿ."

ಅಬ್ರಾರ ಮುದುಕನ ಮಶ್ಕಿರಿ ಎಂದುಕೊಂಡು ನಕ್ಕ. ನಾನು ನಗಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು ಫರ್ಹತ. ಪರದೆಯ ಈಚೆ ಕೂತು ಎಲ್ಲ ಕೇಳಿಸಿಕೊಂಡಿದ್ದಾರೆ. ಅಬ್ರಾರ ಹೋದಮೇಲೆ ಕೇಳಿದೆ, ಯಾಕೆ ಚಾಚಾ ಯಾರಿಗೂ ಹೇಳಲಿಲ್ಲ ಎಂದು. "ನೀವಿಬ್ರು ಹೇಳ್ತೀರಿ ಅಂತ ಕಾದೆ ಬೇಟಿ" ಅಂದರು. ಮತ್ತೆ ಒರೆಸತೊಡಗಿದರು.

ಅಬ್ರಾರನ ಹತ್ತಿರ ಹದಿನೈದು ದಿನದ ಸಮಯ ಕೇಳಿದ್ದೇನೆ. ಅವನಿಗೆ ಏನು ಹೇಳಲಿ? ಚೀಟಿ ಕೊಡಲೇ, ಬೇಡವೇ? ಹೆಸರು ಹೇಳಲೇ, ಬೇಡವೇ? ನೀನು ಹೇಳಿದಂತೆ ಮಾಡುತ್ತೇನೆ.

ಪರಿಮಳಾ


ಸುರಪುರ
17 ಅಕ್ಟೋಬರ್ 2025

ಪರಿ,

ಅಬ್ಬಾಗ ಗೊತ್ತಿತ್ತು ಅಂತ ಓದಿ ಝರಾಕ್ಸ್ ಮಷೀನಿನ ಹಿಂದ ಹೋಗಿ ನಿಂತೆ. ಗಿರಾಕಿ ಕರದ್ರೂ ಬರ್ಲಿಲ್ಲ. ಜಾಹೀದ ಏನಾತು ಅಂದ. ಕಣ್ಣಾಗ ಧೂಳು ಬಿತ್ತು ಅಂದೆ.

ದೀಪದ ಆಟ ಮುಗೀತು.

ಹೆಂಗ ಅಂತ ಕೇಳು. ಭಾನುವಾರ ಮುಂಜಾನಿ ಆಡಾಕತ್ತಿದ್ದೆ. ನಮ್ಮ ಅತ್ತಿ ಹುಣಸಿಹಣ್ಣು ಬಿಡಸ್ಕೊಂತ ಕುಂತಿದ್ಳು. ಹುಡುಗಿ ಬಾವಿಗಿ ಇಳದ್ಳು, ದೀಪ ಆರ್ತು. ಮತ್ತ ಇಳದ್ಳು, ಮತ್ತ ಆರ್ತು. ಆರನೇ ಸಲಕ್ಕ ಅತ್ತಿಗಿ ತಡೀಲಿಲ್ಲ. "ಆ ಹುಚ್ಚಿಗಿ ದೀಪ ಮ್ಯಾಲ ಇಟ್ಟ ಇಳಿ ಅನ್ನು. ಬಾವ್ಯಾಗ ಯಾರರ ದೀಪ ಹಿಡಕೊಂಡ ಇಳೀತಾರೇನು? ಕೈಯಾಗ ದೀಪ ಇದ್ರ ದೀಪಾನ ಕಾಣ್ತದ, ನೀರು ಕಾಣಂಗಿಲ್ಲ" ಅಂದ್ಳು. ಸಣ್ಣಾಕಿದ್ದಾಗ ಮೆಟ್ಟಲ ಬಾವಿ ನೀರು ಹೊತ್ತಾಕಿ ಅಕಿ.

ದೀಪ ಮ್ಯಾಲಿಟ್ಟೆ. ಪೂರಾ ಕತ್ತಲಿ. ಸುಮ್ನ ನಿಂತೆ. ಒಂದ್ ಚಣ ಬಿಟ್ಟು ಮೆಟ್ಟಲ ಒಂದೊಂದ ಕಾಣಾಕ ಹತ್ತಿದ್ವು. ನಾವು ಒಂದ ಸಲನೂ ನಿಂತ ನೋಡಿರ್ಲಿಲ್ಲ ಪರಿ.

ಆಟ ಮುಗದಾಗ ಅತ್ತಿ ಅಂದ್ಳು: "ಖರೇನ ಆಡ್ತಿಯಲ್ಲ ನೀ!" ಫೋನ್ ಹಚ್ಚು ಅನ್ಲಿಲ್ಲ.

ಡಿಸ್ಕ್ ವಾಪಸ್ ಕಳಸೀನಿ. ಒಳಗ ಚೀಟಿ ಅದ. ಮುಗಿಸೀನಿ, ಅದಕ್ಕ ಬರದೀನಿ. ನನ್ನ ಕೈಲೆನ ಬರದೀನಿ.

ಅಬ್ರಾರಗ ಏನ್ ಹೇಳ್ಲಿ ಅಂತ ಕೇಳೀದಿ. ಅದು ನಾ ಹೇಳಿಕೊಡಂಗಿಲ್ಲ. ನಿನಗ ಹೇಳಿ ಬರಸಿದ್ದು ಸಾಕಾಗ್ಯದ ನನಗ.

ಫರ್ಹತ


ಶಹಾಪುರ
23 ಅಕ್ಟೋಬರ್ 2025

ಫರ್ಹತ,

ಇವತ್ತು ಬೆಳಿಗ್ಗೆ ಚಾಚಾ ಕನ್ನಡಿಯಲ್ಲೇ ಗಡ್ಡ ಬಾಚಿಕೊಂಡರು. ಒರೆಸುವುದು ಏನೂ ಉಳಿದಿಲ್ಲ. ಡಬ್ಬಿಗಳೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿವೆ. ಶನಿವಾರ ಯಾದಗಿರಿಯಿಂದ ಟೆಂಪೋ ಬರುತ್ತದೆ. ಗೋಡೆಯ ಮೇಲೆ ಹಲಗೆಗಳಿದ್ದ ಕಡೆ ಸುಣ್ಣ ಹೊಸದಾಗಿಯೇ ಇದೆ, ಉಳಿದದ್ದು ಹಳದಿಯಾಗಿದೆ. ಚಾಚಾ ಅದನ್ನು ನೋಡಿದರು, ನಾನೂ ನೋಡಿದೆ. ಇಬ್ಬರಿಗೂ ದಣಿವಾಗಿದೆ.

ನಿನ್ನ ಚೀಟಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ. "ದೀಪ ಮ್ಯಾಲಿಡು. ಕಣ್ಣಿಗಿ ಕತ್ತಲಿ ರೂಢಿ ಆಗೂತನ ನಿಲ್ಲು. ಆಮ್ಯಾಲೆ ಇಳಿ. ಫರ್ಹತ." ಎಫ್.ಕೆ. ಅಲ್ಲ. ಅಕ್ಷರ ಕಾಗೆ ಕಾಲಿನಂತೆಯೇ ಇವೆ. ನಾನು ತಿದ್ದಿ ಬರೆಯಲಿಲ್ಲ.

ಸೋಮವಾರ ಸಿಕಂದರ ಅವರಿಗೆ ಫೋನ್ ಮಾಡಿದೆ. ಚಾಚಾನ ಕೈಲಿ ಮಾಡಿಸಲಿಲ್ಲ. ಚೀಟಿ ತೆಗೆಯುವುದಿಲ್ಲ, ತೆಗೆದವನ್ನೂ ತಿರುಗಿ ಹಾಕುತ್ತೇನೆ ಎಂದೆ. "ಅಲ್ರಿ ಮೇಡಮ್ಮಾರೆ, ಅದರಿಂದ ಏನ್ ಫಾಯ್ದೆ?" ಅಂದರು. ಆಡುವವರು ಓದುತ್ತಾರೆ, ಡಿಸ್ಕ್ ಎಷ್ಟು ದಿನ ಇರುತ್ತವೋ ಅಷ್ಟು ದಿನ ಓದಲಿ ಅಂದೆ. ಅವರು, "ಆತು ಬಿಡ್ರಿ, ಇರ್ಲಿ. ನನ್ನ ಮಷೀನೂ ಎಷ್ಟ ದಿನ ಇರ್ತಾವೋ" ಅಂದರು. ಇಷ್ಟೇ ಮಾತು. ಮುಗಿದಾಗ ನನ್ನ ಕುಪ್ಪಸದ ಬೆನ್ನು ತೋಯ್ದಿತ್ತು.

ನಾಳೆ ಸಂಜೆ ಐದಕ್ಕೆ ಅಬ್ರಾರ ಬರುತ್ತಾನೆ. ಅವನಿಗೆ ಚೀಟಿ ಕೊಡುವುದಿಲ್ಲ. ಅವನು ಫೋನ್ ಹಿಡಿಯಲಿ, ಓದುವುದು ನಾನು. ಎಲ್ಲ ಓದಲು ನನ್ನಿಂದಾಗದು, ಹತ್ತಾದರೂ ಓದುತ್ತೇನೆ. ಮೊದಲನೆಯದು ಕಾಗೆ ಕಾಲಿನದು. ಅದಕ್ಕೂ ಮೊದಲು, ಇವನ್ನೆಲ್ಲ ಆಡಿ ಹೇಳಿದಾಕಿ ಯಾರು, ಯಾರ ಮಗಳು, ಈಗ ಯಾವ ಊರಲ್ಲಿದ್ದಾಳೆ ಎಂದು ಹೇಳುತ್ತೇನೆ. ಬರೆದಿಟ್ಟುಕೊಂಡಿಲ್ಲ. ಬರೆದಿಟ್ಟುಕೊಂಡರೆ ಕಾಗದವನ್ನೇ ನೋಡುತ್ತೇನೆ.

ಆ ಹೊತ್ತಿಗೆ ಚಾಚಾ ನಿನ್ನ ಮನೆಯಲ್ಲಿರುತ್ತಾರೆ. ಈ ಕಾಗದ ಓದಿದ ಮೇಲೆ ಜಾಹೀದ ಭಾಯ್‌ನನ್ನು, ಅವರ ಅಣ್ಣಂದಿರನ್ನು, ಹಜರಾಬೀ ಅವರನ್ನು ಕರೆದು ಕೂರಿಸಿ, ಫೋನಿನಲ್ಲಿ ಅಬ್ರಾರನ ಲೈವ್ ಹಚ್ಚು.

ಸ್ಪೀಕರ್ ಹಾಕು.

ನಿನ್ನ
ಪರಿ